ಆರ್ತಭೃತಿವಿಚಾರ: ಶುಕ್ರನೀತಿಯ ‘ತ್ರೈಮಾಸಿಕೀ’ ಪದದ ಅರ್ಥನಿರ್ಣಯ

ಕೂಲಿಗೋ ಸಂಬಳಕ್ಕೋ ದುಡಿಯುವವನು ರೋಗದಿಂದ ಹಾಸಿಗೆ ಹಿಡಿದಾಗ ಅವನ ಭೃತಿಯ ಗತಿಯೇನೆಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರೂ ನೀತಿಶಾಸ್ತ್ರಕಾರರೂ ಬಹು ಹಿಂದೆಯೇ ಎತ್ತಿರುವರು. ವಿಚಾರಿಸಿ ನೋಡಿದರೆ ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿರುವುವು. ಆರ್ತನಾದವನಿಗೆ ಭೃತಿಯು ಸಲ್ಲುವುದೋ ಇಲ್ಲವೋ ಎಂಬುದು ಒಂದು. ಸಲ್ಲುವುದಾದರೆ ಎಷ್ಟು ಮತ್ತು ಎಲ್ಲಿಯವರೆಗೆ ಎಂಬುದು ಎರಡು. ಎಷ್ಟೆಷ್ಟು ದಿನಕ್ಕೊಮ್ಮೆ ಅದು ಅವನ ಕೈಸೇರಬೇಕು ಎಂಬುದು ಮೂರು. ಮೊದಲಿನ ಎರಡರಲ್ಲಿ ಎಷ್ಟೇ ಉದಾರವಾದ ನಿಯಮವಿದ್ದರೂ ಮೂರನೆಯದು ನಿರ್ಣಯವಾಗದಿದ್ದರೆ ಆ ಔದಾರ್ಯವು ರೋಗಿಯ ಮನೆಯ ಒಲೆಯವರೆಗೆ ಬರಲಾರದು. ಈ ಮೂರನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪ್ರಮಾಣಗ್ರಂಥಗಳನ್ನು ಕ್ರಮವಾಗಿ ಪರಿಶೀಲಿಸಿ, ಶುಕ್ರನೀತಿಯ ಒಂದು ಸಂದಿಗ್ಧಪದಕ್ಕೆ ಅರ್ಥವನ್ನು ನಿಶ್ಚಯಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

ಭೃತಿ, ಭೃತ್ಯ, ಭೃತಕ, ಭರ್ತಾ ಎಂಬ ಶಬ್ದಗಳೆಲ್ಲವೂ ಧಾರಣಪೋಷಣಾರ್ಥಕವಾದ ‘ಭೃ’ ಧಾತುವಿನಿಂದ ಹುಟ್ಟಿದವು. ಯಾವುದರಿಂದ ಪೋಷಣೆಯಾಗುವುದೋ ಅದು ಭೃತಿ, ಪೋಷಿಸಲ್ಪಡತಕ್ಕವನು ಭೃತ್ಯ. ಕನ್ನಡದಲ್ಲಿ ರೂಢವಾದ ಎರಡು ಶಬ್ದಗಳೂ ಇದೇ ಅಭಿಪ್ರಾಯವನ್ನು ಹೇಳುವುವು. ‘ಜೀತ’ ಎಂಬುದು ‘ಜೀವಿತ’ ಶಬ್ದದ ತದ್ಭವ. ಇಂದು ಅದು ಸಾಲಕ್ಕೆ ಕಟ್ಟುಬಿದ್ದವನ ದುಡಿಮೆಯನ್ನು ಸೂಚಿಸುವ ಹೀನಾರ್ಥಕ್ಕೆ ಇಳಿದಿದ್ದರೂ ಹಳಗನ್ನಡದಲ್ಲಿ ಬದುಕಿಗೆ ಆಧಾರವಾದ ವೇತನವೆಂಬ ಗೌರವದ ಅರ್ಥವೇ ಅದಕ್ಕಿದ್ದಿತು. ‘ಸಂಬಳ’ವು ಸಂಸ್ಕೃತದ ‘ಶಂಬಲ’ದಿಂದ ಬಂದುದು, ಶಂಬಲವೆಂದರೆ ಪಾಥೇಯ, ದಾರಿಯ ಬುತ್ತಿ. ಬುತ್ತಿಯು ಹಸಿವಾದಾಗ ಕೈಯಲ್ಲಿರಬೇಕೇ ಹೊರತು ಊರು ಸೇರಿದ ಮೇಲೆ ದೊರೆಯುವುದಲ್ಲ. ಹೀಗೆ ಕಾಲದ ಅಪೇಕ್ಷೆಯು ಈ ಶಬ್ದದ ಹುಟ್ಟಿನಲ್ಲಿಯೇ ಇರುವುದು.

ಇತಿಹಾಸಗ್ರಂಥಗಳೂ ಈ ಅಂಶವನ್ನು ಎತ್ತಿ ಹೇಳುವುವು. ಮಹಾಭಾರತದ ಸಭಾಪರ್ವದಲ್ಲಿ ನಾರದನು ಧರ್ಮರಾಜನನ್ನು ಕೇಳುವ ಪ್ರಶ್ನೆಗಳಲ್ಲಿ, ಸೈನ್ಯಕ್ಕೆ ಸಲ್ಲತಕ್ಕ ಅನ್ನವನ್ನೂ ವೇತನವನ್ನೂ ತಕ್ಕ ಕಾಲ ಬಂದೊಡನೆ ಕೊಡುವೆಯಷ್ಟೆ, ಮುಂದೆ ತಳ್ಳುವುದಿಲ್ಲವಷ್ಟೆ ಎಂಬುದೂ ಒಂದು. ಕಾಲ ಮೀರಿದರೆ ಭೃತ್ಯರು ದಾರಿದ್ರ್ಯದಿಂದ ಒಡೆಯನ ಮೇಲೆ ಕೋಪಗೊಳ್ಳುವರು, ಅದೇ ದೊಡ್ಡ ಅನರ್ಥ ಎಂದು ಅಲ್ಲಿಯೇ ಕಾರಣವನ್ನೂ ಕೊಟ್ಟಿದೆ. ರಾಮಾಯಣದಲ್ಲಿ ರಾಮನು ಭರತನನ್ನು ಕೇಳುವ ಕುಶಲಪ್ರಶ್ನೆಗಳಲ್ಲಿಯೂ ಇದೇ ವಿಷಯವು ಬರುವುದು. ನಾರದನ ರಾಜನೀತಿಯ ಪ್ರಸಂಗವನ್ನು ಕುಮಾರವ್ಯಾಸನೂ ಸಭಾಪರ್ವದ ಮೊದಲಿಗೆ ತಂದಿರುವನಾದುದರಿಂದ ಕನ್ನಡ ಕಾವ್ಯವನ್ನು ಪಾಠ ಹೇಳುವವರಿಗೆ ಈ ಸಂದರ್ಭವು ಸುಪರಿಚಿತವಾದುದೇ.

೨. ಮನುವಿನ ಮತ

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವೇತನಾದಾನವೆಂಬ ವ್ಯವಹಾರಪದಕ್ಕೆ ಮೂರು ಶ್ಲೋಕಗಳು (೨೧೫–೨೧೭) ಮೀಸಲಾಗಿವೆ. ರೋಗವಿಲ್ಲದೆ ದರ್ಪದಿಂದ ಒಪ್ಪಿದ ಕೆಲಸವನ್ನು ಮಾಡದವನಿಗೆ ಎಂಟು ಕೃಷ್ಣಲಗಳ ದಂಡ. ಅವನಿಗೆ ವೇತನವೂ ಇಲ್ಲ. ಆರ್ತನಾದವನು ಗುಣ ಹೊಂದಿ ಮೊದಲು ಒಪ್ಪಿದಂತೆ ಕೆಲಸವನ್ನು ಮಾಡಿಕೊಟ್ಟರೆ, ದೀರ್ಘಕಾಲವಾಗಿದ್ದರೂ ಆ ವೇತನವನ್ನು ಅವನು ಪಡೆದೇ ತೀರುವನು. ಆದರೆ ರೋಗಿಯಾಗಲಿ ಸ್ವಸ್ಥನಾಗಲಿ ಹೇಳಿದ ಕೆಲಸವನ್ನು ಮಾಡಿಸದೆ ಬಿಟ್ಟರೆ, ಸ್ವಲ್ಪವೇ ಉಳಿದಿದ್ದರೂ ವೇತನವು ಸಲ್ಲದು. ‘ಮಾಡಿಸದೆ’ ಎಂಬ ಪ್ರೇರಣಾರ್ಥಕವು ಗಮನಾರ್ಹ. ರೋಗಿಯು ಮತ್ತೊಬ್ಬನಿಂದ ಕೆಲಸವನ್ನು ಪೂರೈಸಿಕೊಡಬಹುದೆಂಬುದು ಅದರಿಂದ ಲಭಿಸುವುದು.

ಎರಡನೆಯ ಶ್ಲೋಕದ ‘ದೀರ್ಘಸ್ಯಾಪಿ ಕಾಲಸ್ಯ’ ಎಂಬ ಷಷ್ಠಿಗೆ ಎರಡು ಬಗೆಯಾಗಿ ಅರ್ಥ ಹೇಳಲು ಅವಕಾಶವುಂಟು. ದೀರ್ಘವಾದ ರೋಗಕಾಲಕ್ಕೆ ಸಂಬಂಧಪಟ್ಟ ವೇತನವನ್ನು ಪಡೆಯುವನೆಂದರೆ ಅದು ರೋಗಕಾಲದ ಸಂಬಳವೇ ಆಗುವುದು. ದೀರ್ಘಕಾಲವು ಕಳೆದ ಮೇಲಾದರೂ ಪಡೆಯುವನೆಂದರೆ ಕೇವಲ ಬಾಕಿಯ ರಕ್ಷಣೆಯಾಗುವುದು. ೧೮೮೬ರಲ್ಲಿ ಪ್ರಕಟವಾದ ಬ್ಯೂಲರ್ ಪಂಡಿತರ ಆಂಗ್ಲಾನುವಾದವು ಎರಡನೆಯ ಪಕ್ಷವನ್ನು ಹಿಡಿದಿದೆ. ಅದೇ ಯುಕ್ತವೆಂದು ತೋರುವುದು. ಏಕೆಂದರೆ ‘ಆ ವೇತನ’ ಎಂದು ಶ್ಲೋಕವು ನಿರ್ದೇಶಿಸುವುದು ಮೊದಲು ಮಾತಾಡಿಕೊಂಡ ವೇತನವನ್ನು. ಕೆಲಸವನ್ನು ಪೂರೈಸಿದವನಿಗೇ ಅದು ಸಲ್ಲುವುದು. ಆದುದರಿಂದ ಮನುವಿನ ಮತದಲ್ಲಿ ರೋಗವು ಹಕ್ಕನ್ನು ನಾಶಮಾಡುವುದಿಲ್ಲ, ಆದರೆ ಕಾಲವನ್ನು ಮುಂದೂಡುವುದು. ಮಲಗಿರುವಷ್ಟು ದಿನ ರೋಗಿಗೆ ಬರತಕ್ಕದ್ದು ಏನೂ ಇಲ್ಲ. ಎದ್ದು ದುಡಿದ ಮೇಲೆ ಎಲ್ಲವೂ ಉಂಟು. ಏಳದೆ ಹೋದವನ ವಿಷಯದಲ್ಲಿ ಶ್ಲೋಕವು ಮೌನವಾಗಿದೆ.

೩. ಕೌಟಿಲ್ಯ, ನಾರದ, ವಿಜ್ಞಾನೇಶ್ವರ

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರವು ಈ ವಿಷಯದಲ್ಲಿ ಹೆಚ್ಚು ದಾಕ್ಷಿಣ್ಯವನ್ನು ತೋರುವುದು. ವೇತನವನ್ನು ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣ ದಂಡವೆಂದು ವಿಧಿಸಿ, ಒಡನೆಯೇ ಅಶಕ್ತನಿಗೂ, ಕುತ್ಸಿತವಾದ ಕೆಲಸಕ್ಕೆ ಸಿಕ್ಕಿದವನಿಗೂ, ವ್ಯಾಧಿಯಲ್ಲಿ ಅಥವಾ ವ್ಯಸನದಲ್ಲಿ ಇರುವವನಿಗೂ ‘ಅನುಶಯ’ವನ್ನು, ಎಂದರೆ ಒಪ್ಪಂದದ ಬಿಗಿಯಿಂದ ಬಿಡುಗಡೆಯನ್ನು, ಕೌಟಿಲ್ಯನು ಕೊಡುವನು, ಇಲ್ಲವೆ ಅವನು ಮತ್ತೊಬ್ಬನಿಂದ ಮಾಡಿಸಬಹುದು. ಸಲ್ಲತಕ್ಕ ವೇತನವನ್ನು ಕೊಡದ ಒಡೆಯನಿಗೆ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡವುಂಟು. ರಾಜಭೃತ್ಯರ ಪ್ರಕರಣದಲ್ಲಿ, ಕೆಲಸದಲ್ಲಿರುವಾಗ ಸತ್ತವರ ಹೆಂಡಿರುಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದೂ, ಅವರ ಮನೆಯ ಬಾಲರು ವೃದ್ಧರು ವ್ಯಾಧಿತರು ಅನುಗ್ರಹಕ್ಕೆ ಪಾತ್ರರೆಂದೂ ಹೇಳಿದೆ. ಆದರೆ ಅನುಗ್ರಹವು ಕೊಡುವವನ ಇಚ್ಛೆಗೆ ಸೇರಿದುದು. ಅದಕ್ಕೆ ಗೊತ್ತಾದ ದಿನವಿಲ್ಲ.

ಭೃತಿಯನ್ನು ಕೊಡುವ ಕಾಲವನ್ನೇ ಮುಖ್ಯವಾಗಿ ಹಿಡಿದವನು ನಾರದಸ್ಮೃತಿಕಾರ. ಕೆಲಸದ ಆದಿಯಲ್ಲಿ, ಮಧ್ಯದಲ್ಲಿ ಅಥವಾ ಅವಸಾನದಲ್ಲಿ, ಹೇಗೆ ನಿಶ್ಚಯವಾಗಿದೆಯೋ ಹಾಗೆ ಒಡೆಯನು ವೇತನವನ್ನು ಕೊಡಬೇಕೆಂದು ಅವನ ವಿಧಿ. ಕಾಲವು ಒಪ್ಪಂದದ ಒಂದು ಅಂಗ, ಒಡೆಯನ ಸೌಕರ್ಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುವುದು.

ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ರೋಗದ ವಿಷಯವನ್ನು ಮತ್ತೊಂದು ಕಡೆಯಿಂದ ತರುವನು. ಇಬ್ಬರು ಸೇರಿ ಒಪ್ಪಿಕೊಂಡ ಕೆಲಸವು ಮುಗಿಯದೆ ಹೋದರೆ ಎಷ್ಟು ಮಾಡಿದರೋ ಅಷ್ಟಕ್ಕೆ ವೇತನವೆಂದು ಮೂಲ. ಮುಗಿಯದಿರುವುದು ವ್ಯಾಧಿ ಮೊದಲಾದುವುಗಳ ಬಾಧೆಯಿಂದ ಎಂದು ವ್ಯಾಖ್ಯಾನಿಸಿ, ಮಾಡಿದಷ್ಟು ಕೆಲಸಕ್ಕೆ ತಕ್ಕ ವೇತನವನ್ನು ಮಧ್ಯಸ್ಥರು ಗೊತ್ತುಮಾಡಬೇಕೆಂದು ಅವನು ಸೇರಿಸಿರುವನು. ಸ್ವಲ್ಪ ಉಳಿದರೂ ಏನೂ ಸಲ್ಲದೆಂಬ ಮನುವಿನ ಕಾಠಿಣ್ಯವು ಇಲ್ಲಿ ಸಡಿಲವಾಗಿದೆ.

ಇವರೆಲ್ಲರ ಮತದಲ್ಲಿಯೂ ಭೃತಿಯು ಮುಖ್ಯವಾಗಿ ಕೆಲಸವನ್ನು ಹಿಂಬಾಲಿಸುವುದು. ಕೆಲಸವು ನಿಂತರೆ ಭೃತಿಯೂ ನಿಲ್ಲುವುದು. ರೋಗಕಾಲದಲ್ಲಿ ನಡೆಯುತ್ತಿರುವ ಭೃತಿ ಎಂಬ ಕಲ್ಪನೆಗೆ ಇಲ್ಲಿ ಸ್ಥಳವಿಲ್ಲ.

೪. ಶುಕ್ರನೀತಿಯ ವ್ಯವಸ್ಥೆ

ಶುಕ್ರನೀತಿಯ ಎರಡನೆಯ ಅಧ್ಯಾಯದಲ್ಲಿ ಭೃತಿಯನ್ನು ಮೂರಾಗಿ ವಿಭಾಗಿಸಿದೆ. ಈ ಭಾರವನ್ನು ಅಲ್ಲಿಗೆ ಒಯ್ದರೆ ಇಷ್ಟು ಕೊಡುವೆನೆಂಬುದು ಕಾರ್ಯಮಾನ. ವರ್ಷಕ್ಕೆ, ತಿಂಗಳಿಗೆ ಅಥವಾ ದಿನಕ್ಕೆ ಇಷ್ಟು ಕೊಡುವೆನೆಂಬುದು ಕಾಲಮಾನ. ಇಷ್ಟು ಕಾಲದಲ್ಲಿ ಇಷ್ಟು ಕೆಲಸ ಮಾಡಿದರೆ ಇಷ್ಟು ಎಂಬುದು ಕಾರ್ಯಕಾಲಮಿತ. ಈ ವಿಭಾಗವನ್ನು ಮನಸ್ಸಿನಲ್ಲಿಟ್ಟರೆ ಸ್ಮೃತಿಗಳಿಗೂ ಶುಕ್ರನೀತಿಗೂ ಇರುವ ಭೇದದ ಮೂಲವು ತಿಳಿಯುವುದು. ಮನುವಿನ ಶ್ಲೋಕಗಳು ಕಾರ್ಯಮಾನವನ್ನು ದೃಷ್ಟಿಯಲ್ಲಿಟ್ಟವು; ಶುಕ್ರನೀತಿಯ ರೋಗನಿಯಮಗಳು ಕಾಲಮಾನಭೃತಿಯವು. ಕಾಲವನ್ನು ಮಾರಿಕೊಂಡವನಿಗೆ ಮಾತ್ರವೇ, ಕೆಲಸವಿಲ್ಲದೆ ಕಳೆದ ಕಾಲದ ಲೆಕ್ಕವೇನೆಂಬ ಪ್ರಶ್ನೆಯು ಏಳುವುದು.

ಭೃತಿಯನ್ನು ಲೋಪಮಾಡಬಾರದು, ವಿಲಂಬವನ್ನೂ ಮಾಡಬಾರದು ಎಂಬುದು ಈ ಪ್ರಕರಣದ ಸಾಮಾನ್ಯವಿಧಿ. ಅವಶ್ಯವಾಗಿ ಪೋಷಿಸಬೇಕಾದ ಕುಟುಂಬವರ್ಗದ ಭರಣವು ಭೃತಿಯಿಂದಲೇ ಆಗಬೇಕಾದುದರಿಂದ ಅದಕ್ಕೆ ತಕ್ಕಷ್ಟು ಭೃತಿಯನ್ನು ಕಲ್ಪಿಸಬೇಕೆಂದೂ, ಹೀನಭೃತಿಯ ಭೃತ್ಯರು ಒಡೆಯನು ತಾನಾಗಿ ಸೃಷ್ಟಿಸಿಕೊಂಡ ಶತ್ರುಗಳೆಂದೂ ಅಲ್ಲಿ ಹೇಳಿದೆ. ಮುಂದೆ ರೋಗಿಯ ವಿಷಯವು ಬರುವುದು. ಅದರ ಸಾರಾಂಶವಿದು: ಆರ್ತನಿಗೆ ಪಾದಹೀನವಾದ, ಎಂದರೆ ಕಾಲುಭಾಗ ಕಡಿಮೆಯಾದ, ಭೃತಿಯನ್ನು ಕೊಡಬೇಕು. ಐದು ವರ್ಷ ಸೇವೆ ಮಾಡಿದವನಿಗೆ ‘ತ್ರೈಮಾಸಿಕೀ’ ಭೃತಿ. ಇತರರಿಗೆ ಸೇವೆಗೆ ತಕ್ಕಂತೆ ನ್ಯೂನಾಧಿಕ್ಯ. ದೀರ್ಘರೋಗಿಗೆ ‘ಷಾಣ್ಮಾಸಿಕೀ’, ಅದರಿಂದ ಮೇಲೆ ಕಲ್ಪಿಸಬಾರದು. ಅರ್ಧಪಕ್ಷದಷ್ಟು ಕಾಲ ಮಾತ್ರ ಆರ್ತನಾದವನ ಭೃತಿಯಲ್ಲಿ ಸ್ವಲ್ಪವನ್ನೂ ಕಡಿಯಬಾರದು. ಬಹು ಗುಣವಂತನಾದ ರೋಗಿಗೆ ಯಾವಾಗಲೂ ಅರ್ಧಭೃತಿ. ಇವುಗಳೊಡನೆಯೇ ವರ್ಷಕ್ಕೆ ಒಂದು ಪಕ್ಷ ಸೇವೆಯಿಲ್ಲದ ಭೃತಿ, ನಾಲ್ವತ್ತು ವರ್ಷ ಸೇವೆ ಮಾಡಿದವನಿಗೆ ಜೀವಮಾನವೆಲ್ಲ ಅರ್ಧಭೃತಿ ಮೊದಲಾದ ನಿಯಮಗಳೂ ಇರುವುವು.

೫. ಸಂದೇಹ ಮತ್ತು ನಿರ್ಣಯ

ಇಲ್ಲಿ ಸಂದೇಹ. ‘ತ್ರೈಮಾಸಿಕೀ ಭೃತಿ’ ಎಂದರೆ ಮೂರು ತಿಂಗಳವರೆಗೆ ಸಲ್ಲುವ ಭೃತಿಯೋ, ಮೂರು ತಿಂಗಳಿಗೊಮ್ಮೆ ಕೊಡುವ ಭೃತಿಯೋ? ಮೊದಲನೆಯದಾದರೆ ಅದು ಅವಧಿ, ಎರಡನೆಯದಾದರೆ ಅಂತರ. ಇಂದಿನ ವಾಚಕನಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯುವುದು. ಈ ಪತ್ರಿಕೆಯನ್ನೇ ನಾವು ತ್ರೈಮಾಸಿಕವೆಂದು ಕರೆಯುವುದು ಮೂರು ತಿಂಗಳಿಗೊಮ್ಮೆ ಹೊರಡುವುದರಿಂದ. ಅರ್ಥಭೇದದಿಂದ ಆಗುವ ಫಲಭೇದವು ಅಲ್ಪವಲ್ಲ. ಅಂತರವೆಂದರೆ ರೋಗಿಯು ತೊಂಬತ್ತು ದಿನ ಕಾದು ಒಮ್ಮೆ ಹಣವನ್ನು ಕಾಣುವನು. ಅವಧಿಯೆಂದರೆ ಆ ತೊಂಬತ್ತು ದಿನಗಳ ಉದ್ದಕ್ಕೂ ಕಾಣುತ್ತಿರುವನು.

ವ್ಯಾಕರಣದಿಂದ ಮಾತ್ರ ಇದು ತೀರದು. ಪಾಣಿನಿಯು ಐದನೆಯ ಅಧ್ಯಾಯದ ಮೊದಲ ಪಾದದಲ್ಲಿ ಕಾಲವಾಚಕಗಳ ಮೇಲೆ ತದ್ಧಿತಪ್ರತ್ಯಯಗಳನ್ನು ವಿಧಿಸುವಾಗ, ಅಷ್ಟು ಕಾಲಕ್ಕೆ ಭೃತಿಗೆ ಹಿಡಿಯಲ್ಪಟ್ಟವನು ಎಂಬ ಅರ್ಥವನ್ನೂ ಹೇಳಿರುವನು. ಆ ಕಾಲದಲ್ಲಿ ಕೊಡಲ್ಪಡುವುದು ಎಂಬ ಅರ್ಥವನ್ನೂ ಹೇಳಿರುವನು. ಎರಡು ಪಕ್ಷಗಳಿಗೂ ಶಬ್ದಶಾಸ್ತ್ರದ ಅನುಮತಿಯಿರುವಾಗ ನಿರ್ಣಯವನ್ನು ವಾಕ್ಯದಿಂದಲೂ ಪ್ರಕರಣದಿಂದಲೂ ಮಾಡಬೇಕು. ಸಂದಿಗ್ಧವಾದುದನ್ನು ವಾಕ್ಯಶೇಷದಿಂದ ನಿಶ್ಚಯಿಸಬೇಕೆಂಬುದು ಮೀಮಾಂಸಕರ ಮರ್ಯಾದೆ.

ಮೊದಲನೆಯದಾಗಿ, ವಾಕ್ಯಶೇಷದಲ್ಲಿ ‘ಅದರಿಂದ ಮೇಲೆ ಕಲ್ಪಿಸಬಾರದು’ ಎಂದಿದೆ. ‘ಮೇಲೆ’ ಎಂಬ ಮಾತು ಒಂದು ಎಲ್ಲೆಯನ್ನು ಅಪೇಕ್ಷಿಸುವುದು. ಆರು ತಿಂಗಳು ಎಂಬುದು ಅವಧಿಯಾದರೆ ಎಲ್ಲೆಯು ಸಿದ್ಧವಾಗಿದೆ. ಅಂತರವಾದರೆ ಈ ನಿಷೇಧಕ್ಕೆ ವಿಷಯವೇ ದೊರೆಯದು.

ಎರಡನೆಯದಾಗಿ, ಸೇವೆಯು ಹೆಚ್ಚಿದಂತೆ ಮೂರು ತಿಂಗಳೆಂಬುದು ಹೆಚ್ಚುವುದೆಂದು ನ್ಯೂನಾಧಿಕ್ಯವಚನದಿಂದ ತಿಳಿಯುವುದು. ಅಂತರಪಕ್ಷದಲ್ಲಿ ಹೆಚ್ಚು ವರ್ಷ ದುಡಿದವನು ಹೆಚ್ಚು ತಿಂಗಳು ಕಾಯಬೇಕಾಗುವುದು; ಹಾಗೆಯೇ ರೋಗವು ದೀರ್ಘವಾದಷ್ಟೂ ಹಣವು ತಡವಾಗುವುದು. ಪುರಸ್ಕಾರವಾಗಬೇಕಾದುದು ಶಿಕ್ಷೆಯಾಗುವುದಾದರೆ ಅದು ವಾಕ್ಯದ ತಾತ್ಪರ್ಯವಾಗಲಾರದು.

ಮೂರನೆಯದಾಗಿ, ವಿಲಂಬವನ್ನು ನಿಷೇಧಿಸಿದ ಗ್ರಂಥವೇ ಅದೇ ಪ್ರಕರಣದಲ್ಲಿ, ಅದೂ ಅತ್ಯಂತ ದುರ್ಬಲನ ವಿಷಯದಲ್ಲಿ, ವಿಲಂಬವನ್ನು ವಿಧಿಸಿತೆಂದರೆ ಪೂರ್ವಾಪರವಿರೋಧವು ಬರುವುದು. ಅರ್ಧಪಕ್ಷದ ರೋಗಕ್ಕೆ ಕಡಿತವಿಲ್ಲವೆಂದು ದಿನಗಳನ್ನೆಣಿಸಿ ಹೇಳಿದ ಗ್ರಂಥಕಾರನು ಮಿಕ್ಕ ರೋಗಿಗಳನ್ನು ಮೂರು ತಿಂಗಳು ಕಾಯಿಸಿದನೆಂಬುದು ಅಸಂಭಾವ್ಯ.

ಆದುದರಿಂದ ತ್ರೈಮಾಸಿಕೀ, ಷಾಣ್ಮಾಸಿಕೀ ಎಂಬುವು ಅವಧಿವಾಚಕಗಳೆಂದು ಸಿದ್ಧವಾಯಿತು. ಹಾಗಾದರೆ ಅಂತರವೇನು? ಅದನ್ನು ಗ್ರಂಥವು ಬೇರೆಯಾಗಿ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ವಿಕೃತಿಯಾಗದಲ್ಲಿ ವಿಶೇಷವಾಗಿ ಹೇಳದ ಅಂಗಗಳೆಲ್ಲವೂ ಪ್ರಕೃತಿಯಾಗದಿಂದಲೇ ಬರುವುವೆಂಬುದು ಪ್ರಸಿದ್ಧನ್ಯಾಯ. ಸ್ವಸ್ಥನ ಭೃತಿಯು ಇಲ್ಲಿ ಪ್ರಕೃತಿ, ಆರ್ತನ ಭೃತಿಯು ವಿಕೃತಿ. ಪರಿಮಾಣವನ್ನು ಪಾದಹೀನವೆಂದೂ ಅವಧಿಯನ್ನು ಇಷ್ಟೆಂದೂ ಬದಲಾಯಿಸಿ, ಕೊಡುವ ಕಾಲಕ್ರಮವನ್ನು ಮುಟ್ಟದೆ ಬಿಟ್ಟಿರುವುದರಿಂದ ದಿನಭೃತಿಯವನಿಗೆ ದಿನದಿನಕ್ಕೂ ಮಾಸಭೃತಿಯವನಿಗೆ ತಿಂಗಳು ತಿಂಗಳಿಗೂ, ಆರೋಗ್ಯದಲ್ಲಿ ಹೇಗೋ ಹಾಗೆಯೇ ರೋಗದಲ್ಲಿಯೂ ಸಲ್ಲತಕ್ಕದ್ದು.

ಮೂರು ತಿಂಗಳ ಮೊತ್ತವನ್ನು ಒಟ್ಟಿಗೆ ಕೊಡಬಹುದಲ್ಲವೆ ಎಂದು ಶಂಕೆ ಬರಬಹುದು. ಮೊದಲಿಗೇ ಕೊಟ್ಟರೆ ಅದು ಒಡೆಯನ ಔದಾರ್ಯ, ನಿಷೇಧವಿಲ್ಲ. ಆದರೆ ರೋಗವು ಎಷ್ಟು ದಿನ ಇರುವುದೆಂದು ಆಗ ತಿಳಿಯದಾದುದರಿಂದ ಅದನ್ನು ವಿಧಿಯೆನ್ನಲಾಗದು. ಕಡೆಯಲ್ಲಿ ಕೊಟ್ಟರೆ ವಿಲಂಬದೋಷವು ತಪ್ಪದು.

೬. ಗ್ರಂಥದ ಕಾಲ

ಇಷ್ಟರಿಂದ ನಮ್ಮ ಪ್ರಾಚೀನರು ರೋಗಭೃತಿಯನ್ನೂ ನಿವೃತ್ತಿವೇತನವನ್ನೂ ಸಾವಿರಾರು ವರ್ಷಗಳ ಹಿಂದೆಯೇ ನಡೆಸಿದರೆಂದು ಡಂಗುರ ಹೊಡೆಯುವುದು ಯುಕ್ತವಲ್ಲ. ಗುಸ್ತಾವ್ ಆಪರ್ಟ್ ಪಂಡಿತರು ೧೮೮೨ರಲ್ಲಿ ಮದರಾಸಿನಲ್ಲಿ ಶುಕ್ರನೀತಿಯನ್ನು ಅಚ್ಚು ಹಾಕಿಸಿದರು. ೧೯೧೪ರಲ್ಲಿ ಬಿನಯ ಕುಮಾರ ಸರ್ಕಾರರು ಅದನ್ನು ಇಂಗ್ಲಿಷಿಗೆ ತಂದರು. ಕೋವಿ ಮದ್ದುಗಳ ವರ್ಣನೆಯು ಅದರಲ್ಲಿ ವಿಸ್ತಾರವಾಗಿ ಇರುವುದರಿಂದ ಅದು ಬಹು ಪ್ರಾಚೀನವಾಗಿರಲಾರದೆಂದು ಅನೇಕರು ಸಂಶಯಪಟ್ಟರು. ೧೯೬೨ರಲ್ಲಿ ಲಲ್ಲನ್‌ಜೀ ಗೋಪಾಲರು ಅದು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದೇ ವಾದಿಸಿದರು. ಆ ವಾದವನ್ನು ಒಪ್ಪಿದರೆ, ಈ ನಿಯಮಗಳಲ್ಲಿ ಹೊಸ ಕಾಲದ ಕಚೇರಿಗಳ ಛಾಯೆಯೂ ಬಿದ್ದಿರಬಹುದು. ನಿಸ್ಸಂದೇಹವಾಗಿ ಪ್ರಾಚೀನವಾದುವು ಮನುವಿನ ಬಾಕಿರಕ್ಷಣೆ, ಕೌಟಿಲ್ಯನ ಅನುಶಯ, ನಾರದನ ಕಾಲನಿಯಮ, ಇವಿಷ್ಟೇ. ಆದರೆ ಗ್ರಂಥವು ಎಷ್ಟು ಹೊಸದಾಗಿದ್ದರೂ ಅದರ ವಾಕ್ಯಾರ್ಥವು ಬದಲಾಗದು. ವಿಲಂಬವನ್ನು ಲೋಪದ ಪಕ್ಕದಲ್ಲಿಟ್ಟು ಸಮಾನವಾಗಿ ನಿಷೇಧಿಸಿದ ಸೂಕ್ಷ್ಮತೆಗೂ ಕುಂದು ಬಾರದು.

೭. ಆಧುನಿಕ ಶಾಸನಗಳೊಡನೆ ಹೋಲಿಕೆ

೧೮೮೩ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ ಆದ ರೋಗವಿಮಾಶಾಸನವು, ಮೂರು ದಿನಗಳನ್ನು ಬಿಟ್ಟು, ಹದಿಮೂರು ವಾರಗಳವರೆಗೆ ಅರ್ಧಕೂಲಿಯನ್ನು ಕೊಡಿಸಿತು. ಅದನ್ನು ವಾರವಾರಕ್ಕೂ, ವಾರವು ಮುಗಿದೊಡನೆ, ಕೊಡಬೇಕೆಂದು ಅಂತರವನ್ನೂ ಬೇರೆಯಾಗಿ ನುಡಿಯಿತು. ಭಾರತದಲ್ಲಿ ಬಿ. ಪಿ. ಅಡಾರಕರರು ೧೯೪೪ರಲ್ಲಿ ಒಪ್ಪಿಸಿದ ವರದಿಯ ತರುವಾಯ ೧೯೪೮ರಲ್ಲಿ ನೌಕರರ ರಾಜ್ಯವಿಮಾ ಶಾಸನವು ಆಯಿತು. ಅದು ೧೯೫೨ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂದಿತು. ವೈದ್ಯನು ಪ್ರಮಾಣೀಕರಿಸಿದ ರೋಗದಲ್ಲಿ ಕಾರ್ಮಿಕನಿಗೆ ‘ನಿಯತಕಾಲಿಕ ಪಾವತಿ’ಗಳು ಸಲ್ಲುವುವೆಂದು ಆ ಶಾಸನವು ಹೇಳಿತು. ಮೊತ್ತವೆಂದಾಗಲಿ ಸಹಾಯವೆಂದಾಗಲಿ ಹೇಳದೆ ಕಾಲಕಾಲಕ್ಕೆ ಬರುವುದೆಂಬ ಗುಣವನ್ನೇ ಹಕ್ಕಿನ ಸ್ವರೂಪವಾಗಿ ಹೇಳಿರುವುದು ಗಮನಾರ್ಹ. ಅದರ ಕೆಳಗೆ ೧೯೫೦ರಲ್ಲಿ ಆದ ನಿಬಂಧನೆಗಳು, ಪ್ರಮಾಣಪತ್ರದೊಡನೆ ಕೋರಿಕೆಯು ಸಲ್ಲಿದ ಏಳು ದಿನಗಳೊಳಗೆ ಹಣವು ಸಲ್ಲಬೇಕೆಂದು ಗೊತ್ತುಮಾಡಿದುವು. ಎರಡು ಅನುಕ್ರಮ ಲಾಭಾವಧಿಗಳಲ್ಲಿ ೯೧ ದಿನಗಳು ಎಂಬುದು ಎಲ್ಲೆಯಾಯಿತು. ಆ ಶಾಸನದ ವಿಷಯಗಳನ್ನು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕಮಾಡಿದೆ.

ಹದಿಮೂರು ವಾರ, ೯೧ ದಿನ, ಮೂರು ತಿಂಗಳು ಎಂಬ ಸಂಖ್ಯಾಸಾಮ್ಯದಿಂದ ಒಂದು ಮತ್ತೊಂದಕ್ಕೆ ಮೂಲವೆಂದು ಊಹಿಸಲಾಗದು. ಭೇದವೂ ಉಂಟು. ೧೯೪೮ರ ವ್ಯವಸ್ಥೆಯಲ್ಲಿ ರೋಗದ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಏನೂ ಸಲ್ಲದು. ಶುಕ್ರನೀತಿಯಲ್ಲಿ ಮೊದಲ ಅರ್ಧಪಕ್ಷಕ್ಕೇ ಪೂರ್ಣಭೃತಿ. ಕಾರಣವು ಸ್ಪಷ್ಟ. ಅಲ್ಲಿ ಕೊಡುವುದು ಅನೇಕರ ಚಂದಾದಿಂದ ಕೂಡಿದ ನಿಧಿ, ಸಣ್ಣ ಕೋರಿಕೆಗಳನ್ನು ದೂರವಿಡಲು ನೋಡುವುದು. ಇಲ್ಲಿ ಕೊಡುವವನು ಭೃತ್ಯನನ್ನು ಮುಖತಃ ಬಲ್ಲ ಒಡೆಯ. ಆದರೆ ಅವಧಿಯನ್ನೂ ಅಂತರವನ್ನೂ ಬೇರೆಬೇರೆಯಾಗಿ ನಿಶ್ಚಯಿಸಿದ ಹೊರತು ರೋಗಿಯ ಹಕ್ಕು ಪೂರ್ಣವಾಗದೆಂಬುದರಲ್ಲಿ ಉಭಯರಿಗೂ ಐಕಮತ್ಯವಿದೆ.

ಈ ವಿಚಾರದಿಂದ ಕನ್ನಡಕ್ಕೂ ಒಂದು ಪ್ರಯೋಜನವುಂಟು. ಈಗ ಶಾಸನಗಳೂ ಕರಾರುಪತ್ರಗಳೂ ಕಾರ್ಖಾನೆಯ ಪ್ರಕಟಣೆಗಳೂ ಕನ್ನಡದಲ್ಲಿ ಬರುತ್ತಿರುವುವು. ಅವುಗಳಲ್ಲಿ ‘ತ್ರೈಮಾಸಿಕ ರೋಗಭೃತಿ’ ಎಂದು ಬರೆದರೆ ಪಂಡಿತನಿಗೇ ಸಂದೇಹ ಬರುವಾಗ ಜ್ವರದಿಂದ ಎದ್ದು ಬಂದ ಕೂಲಿಯವನು ಏನೆಂದು ತಿಳಿಯಬೇಕು? ‘ಮೂರು ತಿಂಗಳವರೆಗೆ’ ಎಂದಾಗಲಿ ‘ಮೂರು ತಿಂಗಳಿಗೊಮ್ಮೆ’ ಎಂದಾಗಲಿ ಅಚ್ಚಗನ್ನಡದಲ್ಲಿ ಬರೆದರೆ ವಿವಾದಕ್ಕೆ ಎಡೆಯಿಲ್ಲ. ತದ್ಧಿತಪ್ರತ್ಯಯವು ಬಿಡಿಸದೆ ಉಳಿಸಿದುದನ್ನು ನಮ್ಮ ‘ವರೆಗೆ’, ‘ಒಮ್ಮೆ’ ಎಂಬ ಸಣ್ಣ ಮಾತುಗಳು ಬಿಡಿಸಿ ಹೇಳುವುವು. ಮೇಲಿನ ಅರ್ಥನಿರ್ಣಯದಲ್ಲಿ ದೋಷವು ಕಂಡುಬಂದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸುವೆನು.